ಹತ್ತನೇ ತರಗತಿಯವರನ್ನೂ ವೇದಿಕೆಗೆ ಬಿಡಿ

ಸಂಪಾದಕರಿಗೆ ನಮಸ್ಕಾರ.

ನಾನು ಮಂಡ್ಯ ತಾಲ್ಲೂಕಿನ ಒಂದು ಹಳ್ಳಿಯವಳು. ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ಮಗಳು ನಮ್ಮ ಹೋಬಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಹತ್ತನೇ ತರಗತಿ ಓದುತ್ತಿದ್ದಾಳೆ. ಸಂಕ್ರಾಂತಿ ಮುಗಿದ ಮೇಲೆ ಅವಳ ಶಾಲೆಯಲ್ಲಿ ವಾರ್ಷಿಕೋತ್ಸವ ಆಯಿತು. ಊರೆಲ್ಲ ಬಂದಿತ್ತು. ಕಬ್ಬು ಕಡಿಯುವ ಕೆಲಸ ಬಿಟ್ಟು ಬಂದವರೂ ಇದ್ದರು. ಆದರೆ ಹತ್ತನೇ ತರಗತಿಯ ಒಂದು ಮಗುವೂ ವೇದಿಕೆ ಮೇಲೆ ಕಾಣಲಿಲ್ಲ. ಅವರಿಗೆ ಆಸೆ ಇರಲಿಲ್ಲ ಅಂತಲ್ಲ, ಬಿಡಲಿಲ್ಲ. ಎಸ್‌ಎಸ್‌ಎಲ್‌ಸಿ ಅಲ್ವಾ, ವಿಶೇಷ ತರಗತಿ ಇದೆ, ಓದಿಕೊಳ್ಳಲಿ ಅಂದರು.

ಇದನ್ನು ಸುಮ್ನೆ ಬಿಟ್ಟುಬಿಡೋಣ ಅಂದುಕೊಂಡೆ. ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಮಗಳು ಎಂಟನೇ ತರಗತಿಗೆ ಸೇರಿದ ವರ್ಷ ಶಾಲೆಗೆ ನಮ್ಮೂರಿನ ಒಬ್ಬ ಅಜ್ಜನನ್ನು ಕರೆಸಿ ಮಕ್ಕಳಿಗೆ ಜಡೆ ಕೋಲಾಟ ಕಲಿಸಿದರು. ಅದುವರೆಗೆ ವಾರ್ಷಿಕೋತ್ಸವ ಅಂದರೆ ಸಿನಿಮಾ ಹಾಡು ಹಾಕಿ ಕುಣಿಯುವುದು, ಮಂಡ್ಯದಿಂದ ಡ್ರೆಸ್ ಬಾಡಿಗೆಗೆ ತರುವುದು, ಅಷ್ಟೇ ಆಗಿತ್ತು. ಬಾಡಿಗೆ ಕೊಡಲಾಗದ ಮನೆಯ ಮಕ್ಕಳು ಹಿಂದೆ ಉಳಿಯುತ್ತಿದ್ದರು. ಕೋಲಾಟಕ್ಕೆ ಬಾಡಿಗೆ ಡ್ರೆಸ್ ಬೇಕಾಗಲಿಲ್ಲ. ಮನೆಮನೆಯಿಂದ ಹಳೇ ರೇಷ್ಮೆ ಸೀರೆ ಇಸಕೊಂಡು ನಾನೇ ಹನ್ನೆರಡು ಲಂಗ ಹೊಲಿದುಕೊಟ್ಟೆ. ಹರಿದ ಕಡೆ ಕತ್ತರಿಸಿ ತೆಗೆದು, ಜರಿ ಅಂಚು ಮಾತ್ರ ಕೆಳಗೆ ಬರೋ ಹಾಗೆ.

ಜಡೆ ಕೋಲಾಟ ನೋಡದವರಿಗೆ ಒಂದು ಮಾತು ಹೇಳಬೇಕು. ಮೇಲಿಂದ ಬಣ್ಣದ ಹನ್ನೆರಡು ಪಟ್ಟಿ ಇಳಿಬಿಟ್ಟಿರುತ್ತಾರೆ. ಒಂದೊಂದು ಮಗುವಿನ ಕೈಯಲ್ಲಿ ಒಂದೊಂದು ಪಟ್ಟಿ. ಅರ್ಧ ಮಕ್ಕಳು ಒಂದು ಕಡೆಯಿಂದ ಸುತ್ತುತ್ತಾರೆ, ಇನ್ನರ್ಧ ಎದುರು ಕಡೆಯಿಂದ. ಎದುರಾದವರ ಕೋಲಿಗೆ ಕೋಲು ಕೊಟ್ಟು, ಒಬ್ಬರ ಒಳಗೆ ನುಗ್ಗಿ, ಮುಂದಿನವರ ಹೊರಗೆ ಹೋಗಬೇಕು. ಹಾಡು ಮುಗಿಯೋ ಹೊತ್ತಿಗೆ ಮೇಲೆ ಜಡೆ ಹೆಣೆದಿರುತ್ತದೆ. ಆಮೇಲೆ ಇರೋದೇ ಕಷ್ಟ. ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ ಅದೇ ಜಡೆಯನ್ನು ಬಿಚ್ಚಬೇಕು. ಒಬ್ಬರು ಒಂದು ಹೆಜ್ಜೆ ತಪ್ಪಿದರೆ ಹನ್ನೆರಡು ಪಟ್ಟಿಯೂ ಸಿಕ್ಕಾಗುತ್ತದೆ. ಇದನ್ನು ಕಲಿಯೋದಕ್ಕೆ ನಮ್ಮ ಮಕ್ಕಳಿಗೆ ಎರಡು ವರ್ಷ ಬೇಕಾಯಿತು. ಬೇವಿನ ಮರದ ಕೊಂಬೆಗೆ ಹಗ್ಗ ಕಟ್ಟಿಕೊಂಡು, ಪಿ.ಟಿ. ಪೀರಿಯಡ್‌ನಲ್ಲಿ, ಭಾನುವಾರ ಬೆಳಿಗ್ಗೆ, ಹೀಗೆ ಕಲಿತರು.

ಈ ವರ್ಷ ಆ ಹನ್ನೆರಡು ಜನರಲ್ಲಿ ಏಳು ಮಕ್ಕಳು ಹತ್ತನೇ ತರಗತಿ. ಏಳೂ ಜನರನ್ನು ತೆಗೆದರು. ಕಾರ್ಯಕ್ರಮಕ್ಕೆ ನಾಲ್ಕೇ ದಿನ ಇರುವಾಗ ಎಂಟನೇ ತರಗತಿಯ ಚಿಕ್ಕ ಮಕ್ಕಳನ್ನು ಸೇರಿಸಿದರು. ಮಗಳಿಗೆ ಅಂತ ಹೊಲಿದ ಲಂಗವನ್ನು ನಾನೇ ಸೊಂಟದಲ್ಲಿ ಎರಡಿಂಚು ಹಿಡಿದು, ಕೆಳಗೆ ಒಂದು ಮಡಿಕೆ ಹಾಕಿ ಇನ್ನೊಂದು ಮಗುವಿಗೆ ಸರಿಮಾಡಿಕೊಟ್ಟೆ. ಮಗಳು ಪಕ್ಕದಲ್ಲೇ ಕೂತಿದ್ದಳು. ಒಂದು ಮಾತೂ ಆಡಲಿಲ್ಲ. ಬಿಚ್ಚಿದ ಹೊಲಿಗೆಯ ದಾರ ಒಂದೊಂದೇ ಆರಿಸಿ ತೆಗೆಯುತ್ತಾ ಕೂತಿದ್ದಳು.

ಕಾರ್ಯಕ್ರಮದ ಸಂಜೆ ಮೈದಾನದ ಪಕ್ಕದ ಕೊಠಡಿಯಲ್ಲೇ ಹತ್ತನೇ ತರಗತಿಗೆ ಗಣಿತ ನಡೆಯುತ್ತಿತ್ತು. ಮೈಕ್ ಸದ್ದಿಗೆ ಮೇಷ್ಟ್ರ ಮಾತು ಯಾರಿಗೆ ಕೇಳಿಸಬೇಕು? ಕೋಲಾಟ ಶುರುವಾದಾಗ ಕಿಟಕಿ ಸರಳಿನ ಹಿಂದೆ ಆರೇಳು ಮುಖ. ನನ್ನ ಮಗಳು ಸ್ಕೇಲಿನಲ್ಲಿ ಡೆಸ್ಕಿನ ಅಂಚಿಗೆ ಅದೇ ತಾಳ ಹಾಕುತ್ತಿದ್ದಳು. ಜಡೆ ಬಿಚ್ಚುವಾಗ ಚಿಕ್ಕ ಹುಡುಗಿಯೊಬ್ಬಳು ಒಳಗೆ ನುಗ್ಗಬೇಕಾದ ಕಡೆ ಹೊರಗೆ ಹೋದಳು. ಕಿಟಕಿಯಿಂದ ಮೂರು ನಾಲ್ಕು ಮಕ್ಕಳು ಒಟ್ಟಿಗೆ "ಒಳಗೆ, ಒಳಗೆ" ಅಂತ ಕೂಗಿದರು. ಅಷ್ಟರಲ್ಲಿ ಪಟ್ಟಿಗಳು ಸಿಕ್ಕಾಗಿದ್ದವು. ಅಜ್ಜ ಹಾಡು ನಿಲ್ಲಿಸಿ, ತಾವೇ ವೇದಿಕೆ ಹತ್ತಿ ಕೈಯಲ್ಲಿ ಬಿಡಿಸಿದರು. ಆ ಚಿಕ್ಕ ಹುಡುಗಿ ಅಳುತ್ತಾ ಇಳಿದಳು. ಅವಳದ್ದೇನು ತಪ್ಪು? ನಾಲ್ಕು ದಿನದಲ್ಲಿ ಕಲಿಯೋ ವಿದ್ಯೆ ಅಲ್ಲ ಅದು.

ರಾತ್ರಿ ಮಗಳನ್ನು ಕೇಳಿದೆ, ಇವತ್ತು ಏನು ಕಲಿತೆ ಅಂತ. ತ್ರಿಕೋನಮಿತಿಯ ಒಂದು ಲೆಕ್ಕ ಬೋರ್ಡಿನಿಂದ ಬರೆದುಕೊಂಡಿದ್ದಳು, ಅರ್ಧಕ್ಕೆ ನಿಂತಿತ್ತು.

ಮೇಷ್ಟ್ರುಗಳ ಮೇಲೆ ನನಗೆ ಸಿಟ್ಟಿಲ್ಲ. ಅವರ ಕಷ್ಟ ನಮಗೂ ಗೊತ್ತು. 2024ರಲ್ಲಿ ನಕಲು ತಡೆಯೋದಕ್ಕೆ ಪರೀಕ್ಷೆ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾದಲ್ಲಿ ನೇರವಾಗಿ ನಿಗಾ ಇಡುವ ವ್ಯವಸ್ಥೆ ಬಂತು. ಅದರ ಹಿಂದಿನ ವರ್ಷ ನೂರಕ್ಕೆ 83 ದಾಟಿದ್ದ ರಾಜ್ಯದ ಫಲಿತಾಂಶ ಆ ವರ್ಷ 73ಕ್ಕೆ ಬಂತು, 2025ರ ಮೊದಲ ಪರೀಕ್ಷೆಯಲ್ಲಿ 62ಕ್ಕೆ ಇಳಿಯಿತು. ಫಲಿತಾಂಶ ಕಡಿಮೆಯಾದರೆ ಮೊದಲು ಮಾತು ಕೇಳಬೇಕಾದವರು ಮೇಷ್ಟ್ರುಗಳೇ. ಹಾಗಾಗಿ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಜಾಸ್ತಿ ಪಾಠ ಮಾಡುತ್ತಾರೆ, ಮನೆಗೆ ಫೋನ್ ಮಾಡಿ ಎದ್ದಿದ್ದಾಳಾ ಅಂತ ಕೇಳುತ್ತಾರೆ. ಅವರು ಪಡುವ ಪಾಡಿಗೆ ಕೈ ಮುಗಿಯುತ್ತೇನೆ. ಪಾಠ ಬೇಡ ಅಂತ ನಾನು ಹೇಳುತ್ತಿಲ್ಲ. 625 ಅಂಕದ ಪರೀಕ್ಷೆಯಲ್ಲಿ ನನ್ನ ಮಗಳಿಗೂ ಒಳ್ಳೇ ಅಂಕ ಬರಲಿ ಅಂತಲೇ ನನ್ನ ಆಸೆ. ಆದರೆ ವರ್ಷಕ್ಕೆ ಒಂದು ಸಂಜೆ, ಅದಕ್ಕೆ ಮುಂಚೆ ಹದಿನೈದು ದಿನ ಒಂದೊಂದು ಪೀರಿಯಡ್, ಇಷ್ಟು ಬಿಟ್ಟುಕೊಟ್ಟರೆ ಅಂಕ ಹೋಗುತ್ತದೆ ಅಂದರೆ ನಾನು ಒಪ್ಪಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ಹೋದ ವರ್ಷ ಒಂಬತ್ತನೇ ತರಗತಿ ಮಕ್ಕಳು ಶಿವಪುರದ ಧ್ವಜ ಸತ್ಯಾಗ್ರಹದ ನಾಟಕ ಮಾಡಿದ್ದರು. 1938ರ ಏಪ್ರಿಲ್‌ನಲ್ಲಿ ನಮ್ಮ ಮದ್ದೂರಿನ ಪಕ್ಕದಲ್ಲೇ ನಿಷೇಧ ಮೀರಿ ಬಾವುಟ ಹಾರಿಸಿದ್ದು. ಆ ನಾಟಕದಲ್ಲಿ ಸತ್ಯಾಗ್ರಹದ ಮುಂದಾಳು ಟಿ. ಸಿದ್ಧಲಿಂಗಯ್ಯನವರ ಪಾತ್ರ ಮಾಡಿದ ಹುಡುಗ ನಮ್ಮ ಬೀದಿಯವನು. ಕನ್ನಡ ಪಾಠವನ್ನೇ ತಡವರಿಸಿ ಓದುತ್ತಿದ್ದ. ಪಾತ್ರ ಸಿಕ್ಕ ಮೇಲೆ ಸಂಜೆ ನನ್ನ ಹೊಲಿಗೆ ಮಿಷನ್ ಪಕ್ಕ ಕೂತು ಎರಡು ಪುಟದ ಮಾತು ಜೋರಾಗಿ ಓದಿ ಓದಿ ಬಾಯಿಪಾಠ ಮಾಡಿದ. ಒಂದು ಭಾನುವಾರ ಅವನೇ ಅಪ್ಪನನ್ನು ಪೀಡಿಸಿ ಬೈಕಿನಲ್ಲಿ ಶಿವಪುರದ ಸತ್ಯಾಗ್ರಹ ಸೌಧಕ್ಕೆ ಹೋಗಿ ನೋಡಿಕೊಂಡು ಬಂದ. ಸಮಾಜ ವಿಜ್ಞಾನದಲ್ಲಿ ಅಲ್ಲಿಯವರೆಗೆ ಬರದ ಅಂಕ ಆಮೇಲೆ ಬಂತು. ಅದೇ ಹುಡುಗ ಈ ವರ್ಷ ಕಿಟಕಿ ಹಿಂದೆ ಇದ್ದ.

ಶಿಕ್ಷಣ ಇಲಾಖೆಯೇ ಶಾಲಾ ಮಕ್ಕಳಿಗೆ ಪ್ರತಿಭಾ ಕಾರಂಜಿ ಸ್ಪರ್ಧೆ ನಡೆಸುತ್ತದೆ. ಕ್ಲಸ್ಟರ್, ತಾಲ್ಲೂಕು, ಜಿಲ್ಲೆ, ರಾಜ್ಯ ಅಂತ ಹಂತಹಂತವಾಗಿ ಮಕ್ಕಳನ್ನು ಕರೆದುಕೊಂಡು ಹೋಗುತ್ತದೆ. ಹೋಬಳಿ ಮಟ್ಟದ ಕಬಡ್ಡಿ, ಖೋಖೋಗೂ ಹತ್ತನೇ ತರಗತಿಯವರು ಹೋಗುತ್ತಾರೆ, ಶಾಲೆಗೆ ಕಪ್ ತರಬೇಕಾದಾಗ ಅವರೇ ಬೇಕು. ಹಾಗಿದ್ದ ಮೇಲೆ ತಮ್ಮ ಶಾಲೆಯಲ್ಲಿ, ತಮ್ಮ ಊರಿನವರ ಮುಂದೆ, ಕೊನೇ ವರ್ಷ ಒಂದು ಸಲ ಆಡಿ ತೋರಿಸೋದಕ್ಕೆ ಯಾಕೆ ಬೇಡ? 2024ರ ಡಿಸೆಂಬರ್ 20ರಿಂದ 22ರವರೆಗೆ ಮಂಡ್ಯದಲ್ಲಿ ಸಾಹಿತ್ಯ ಸಮ್ಮೇಳನ ಆಯಿತು. ಜಾನಪದಕ್ಕೆ ಜೀವ ಸವೆಸಿದ ಗೊ.ರು. ಚನ್ನಬಸಪ್ಪನವರು ಅಧ್ಯಕ್ಷರಾಗಿದ್ದರು, ನಾವೆಲ್ಲ ಹೆಮ್ಮೆ ಪಟ್ಟೆವು. ಪೂಜಾ ಕುಣಿತ, ಸೋಬಾನೆ ಪದ, ಕೋಲಾಟ ಇವೆಲ್ಲ ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಇನ್ನೂ ಉಸಿರಾಡುತ್ತಿವೆ. ಕಲಿಸುವವರಿಗೆ ವಯಸ್ಸಾಗಿದೆ. ನಮ್ಮ ಅಜ್ಜನಿಗೆ ಎಪ್ಪತ್ತು ದಾಟಿದೆ, ಮಂಡಿ ನೋವು, ಆದರೂ ಮಕ್ಕಳು ಕರೆದರೆ ಕೋಲು ಹಿಡಿದು ಬರುತ್ತಾರೆ. ಎರಡು ವರ್ಷ ಕಲಿತ ಮಕ್ಕಳು ಚಿಕ್ಕವರಿಗೆ ಹೇಳಿಕೊಡಬೇಕು, ಅವರು ಮುಂದಿನವರಿಗೆ. ಹತ್ತನೇ ತರಗತಿಯವರನ್ನು ಎಳೆದು ತೆಗೆದರೆ ಪ್ರತಿ ವರ್ಷ ಅಜ್ಜ ಮೊದಲಿನಿಂದ ಶುರು ಮಾಡಬೇಕು.

ಇನ್ನೊಂದು ಮಾತು. ಮೂರು ಗಂಟೆಗೆ ಶುರುವಾಗಬೇಕಿದ್ದ ಕಾರ್ಯಕ್ರಮ ಐದಕ್ಕೆ ಶುರುವಾಯಿತು. ಗಣ್ಯರು ಬರೋದು ತಡವಾಯಿತು, ಭಾಷಣ ಒಂದೂವರೆ ಗಂಟೆ ಆಯಿತು. ಬಣ್ಣ ಹಚ್ಚಿಕೊಂಡ ಮಕ್ಕಳು ಊಟ ಇಲ್ಲದೆ ಕಾದರು. ಓದುವ ಹೊತ್ತು ಹಾಳಾಗುತ್ತದೆ ಅನ್ನುವವರು ಈ ಮೂರೂವರೆ ಗಂಟೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ನನ್ನ ಕೋರಿಕೆ ದೊಡ್ಡದೇನಲ್ಲ. ವಾರ್ಷಿಕೋತ್ಸವವನ್ನು ಜನವರಿಗೆ ತಳ್ಳಬೇಡಿ. ರಾಜ್ಯೋತ್ಸವದ ಜೊತೆಗೋ, ನವೆಂಬರ್ ಕೊನೆಗೋ ಮಾಡಿ ಮುಗಿಸಿದರೆ ಪೂರ್ವಸಿದ್ಧತಾ ಪರೀಕ್ಷೆಗೂ ಅಡ್ಡಿಯಾಗಲ್ಲ, ಹತ್ತನೇ ತರಗತಿಯವರೂ ಸೇರಬಹುದು. ಪಿ.ಟಿ. ಪೀರಿಯಡ್ ಅನ್ನು ಗಣಿತಕ್ಕೆ, ಇಂಗ್ಲಿಷಿಗೆ ಕೊಡಬೇಡಿ. ಇದನ್ನು ಶಿಕ್ಷಣ ಇಲಾಖೆಯವರು ಒಂದು ಸುತ್ತೋಲೆಯಲ್ಲಿ ಬರೆದರೆ ಮುಖ್ಯ ಶಿಕ್ಷಕರಿಗೂ ಧೈರ್ಯ ಬರುತ್ತದೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಗೆ ಹೋಗುವ ಅಪ್ಪ ಅಮ್ಮಂದಿರೂ ಈ ಮಾತು ಎತ್ತಬೇಕು. ಬರೀ ಬಿಸಿಯೂಟ, ಕಾಂಪೌಂಡ್ ಅಂತ ಮಾತಾಡಿ ಎದ್ದು ಬರಬೇಡಿ.

ಈಗ ಒಂಬತ್ತರಲ್ಲಿರುವ ಐದು ಮಕ್ಕಳು ಮೊನ್ನೆ ಲಂಗ ವಾಪಸ್ ಕೊಡೋದಕ್ಕೆ ಮನೆಗೆ ಬಂದಿದ್ದರು. "ಆಂಟಿ, ಮುಂದಿನ ವರ್ಷ ನಮ್ಮನ್ನೂ ತೆಗೀತಾರಾ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಲಂಗಗಳನ್ನು ಒಗೆದು, ನುಸಿಗುಳಿಗೆ ಹಾಕಿ ಟ್ರಂಕಿನಲ್ಲಿ ಇಟ್ಟಿದ್ದೇನೆ. ಹನ್ನೆರಡೂ ಇವೆ. ಮಕ್ಕಳು ಉದ್ದ ಆದರೆ ಬಿಚ್ಚೋದಕ್ಕೆ ಅಂತ ಕೆಳಗೆ ಬಟ್ಟೆ ಬಿಟ್ಟೇ ಹೊಲಿದಿದ್ದೇನೆ.

– ಒಬ್ಬ ತಾಯಿ, ಮಂಡ್ಯ ತಾಲ್ಲೂಕು