ಕಥೆ ಕೇಳು, ಆಮೇಲೆ ಗೋರಿ ಎಣಿಸು

ಪ್ರೀತಿಯ ತಮ್ಮಾ,

ನಮ್ಮ ವಿಜಯಪುರದ ಸಾಠ್ ಕಬರ್, ಅಂದರೆ ಅರವತ್ತು ಗೋರಿಗಳ ಬಗ್ಗೆ ನೀನು ಬರೆದದ್ದನ್ನು ಓದಿದೆ. ಓಟ ಚೆನ್ನಾಗಿದೆ. ಕೆಳಗಿಡಲು ಮನಸ್ಸಾಗಲಿಲ್ಲ. ಆದರೆ ಇಲ್ಲಿನ ಸುಲ್ತಾನರ ಸೇನಾಪತಿ ಅಫ್ಜಲ್ ಖಾನನ ಹೆಂಡತಿಯೊಬ್ಬಳು ಬಾವಿಕಟ್ಟೆ ಮೇಲೆ ನಿಂತು ಅಳುತ್ತಾ ಮಾತಾಡುತ್ತಾಳಲ್ಲ, ಆ ಮಾತು ನಿನಗೆ ಯಾರು ಹೇಳಿದರು? ಅವಳಿಗೆ ಹೆಸರನ್ನೂ ಇಟ್ಟಿದ್ದೀಯ. ಅಲ್ಲಿನ ಗೋರಿಗಳ ಮೇಲೆ ಹೆಸರೇ ಇಲ್ಲ! ಕಾದಂಬರಿ ಆಗಿದ್ದರೆ ನಾನು ಸುಮ್ನಿರುತ್ತಿದ್ದೆ. ನೀನು 'ವಿಜಯಪುರದ ನಿಜವಾದ ರಹಸ್ಯ' ಅಂತ ತಲೆಬರಹ ಕೊಟ್ಟಿದ್ದೀಯ. ಅದಕ್ಕೇ ಈ ಪತ್ರ.

ನಮ್ಮೂರಲ್ಲಿ ಈ ಕಥೆ ಕೇಳದವರು ಕಡಿಮೆ. 1659ರಲ್ಲಿ ಖಾನ ಶಿವಾಜಿಯ ಮೇಲೆ ದಂಡೆತ್ತಿ ಹೊರಟ. ಮರಳಿ ಬರುವುದಿಲ್ಲ ಅಂತ ಜ್ಯೋತಿಷಿ ಹೇಳಿದ. ತಾನು ಸತ್ತರೆ ಹೆಂಡತಿಯರು ಬೇರೆಯವರ ಪಾಲಾಗಬಾರದು ಅಂತ 63 ಜನರನ್ನೂ ಬಾವಿಗೆ ನೂಕಿಸಿದ. ನವೆಂಬರ್ 10ರಂದು ಶಿವಾಜಿಯ ಕೋಟೆ ಪ್ರತಾಪಗಡದ ಕೆಳಗೆ ಅವನೂ ಸತ್ತ. ಮೊದಲಿನದು, ಕೊನೆಯದು ಇತಿಹಾಸದಲ್ಲಿವೆ. ನಡುವಿನದು ಟಾಂಗಾದವರು ಪ್ರವಾಸಿಗರಿಗೆ ಹೇಳುತ್ತಾ ಬಂದದ್ದು. ನೀನು ಎಲ್ಲವನ್ನೂ ಒಂದೇ ದನಿಯಲ್ಲಿ ಹೇಳಿಬಿಟ್ಟೆ.

ಹಾಗಂತ ಟಾಂಗಾದವರ ಮಾತು ಬಿಡು ಅನ್ನುತ್ತಿಲ್ಲ. ಅದನ್ನು ಬಿಟ್ಟರೆ ರುಚಿ ಎಲ್ಲಿ ಉಳಿಯಿತು? 'ಊರವರು ಹೀಗೆ ಹೇಳುತ್ತಾರೆ' ಅಂತ ಒಂದು ಸಾಲು ಸೇರಿಸು, ಸಾಕು. ಅಷ್ಟಕ್ಕೇ ಓದುಗರು ಎದ್ದು ಹೋಗುವುದಿಲ್ಲ.

ಆಮೇಲೆ ಹೋಗಿ ಗೋರಿಗಳನ್ನು ನೋಡು. ಹೆಸರಲ್ಲಿ 60, ಕಥೆಯಲ್ಲಿ 63. ನೀನೇ ಎಣಿಸು. ಅವುಗಳ ನೆತ್ತಿ ಚಪ್ಪಟೆ. ನಮ್ಮ ಕಡೆ ಹಳೆಯ ಮುಸ್ಲಿಂ ಗೋರಿಗಳಲ್ಲಿ ಹೆಂಗಸರದ್ದು ಹಾಗಿರುತ್ತದೆ. ಗಂಡಸರ ಗೋರಿಯ ಮೇಲೆ ಉದ್ದಕ್ಕೆ ಉಬ್ಬಿದ ಕಲ್ಲು ಇರುತ್ತದೆ. ಅಂದರೆ ಇಲ್ಲಿ ಮಲಗಿದವರು ಹೆಂಗಸರು ಅನ್ನುವಷ್ಟನ್ನು ಕಲ್ಲೇ ಹೇಳುತ್ತದೆ. ಸಾಲುಸಾಲಾಗಿ, ಒಂದೇ ಮಾದರಿಯಲ್ಲಿ, ಒಂದೇ ಸಲ ಕಟ್ಟಿದ ಹಾಗೆ ಕಾಣುತ್ತವೆ. ಇದು ಕಥೆಯ ಪರವಾಗಿದೆ, ಒಪ್ಪುತ್ತೇನೆ. ಆದರೆ ಕೊಂದವನು ಇಷ್ಟು ಖರ್ಚು ಮಾಡಿ ಇಷ್ಟು ನೀಟಾಗಿ ಗೋರಿ ಕಟ್ಟಿಸುತ್ತಾನಾ? ದಂಡು ಹೊರಡಿಸುವ ಗಡಿಬಿಡಿಯಲ್ಲಿ ಪುರುಸೊತ್ತಾದರೂ ಎಲ್ಲಿತ್ತು? ಒಂದೇ ಮನೆತನದ ಹೆಂಗಸರನ್ನು ವರ್ಷಗಟ್ಟಲೆ ಅಲ್ಲೇ ಹೂಳುತ್ತಾ ಬಂದಿರಬಹುದಲ್ವಾ? ಈ ಪ್ರಶ್ನೆಗಳು ನಿನ್ನ ಬರಹದಲ್ಲಿ ಬರುವುದೇ ಇಲ್ಲ. ಆ ಅಳುವ ಹೆಂಗಸಿಗಿಂತ ಇವೇ ನನ್ನ ನಿದ್ದೆ ಜಾಸ್ತಿ ಕೆಡಿಸುತ್ತವೆ.

ಇನ್ನೊಂದನ್ನು ನೀನು ಬಿಟ್ಟೇಬಿಟ್ಟಿದ್ದೀಯ. ಖಾನ ತನಗಾಗಿಯೂ ಊರ ಹತ್ತಿರ ಗೋರಿ ಕಟ್ಟಿಸುತ್ತಿದ್ದ. ಅದು ಅರ್ಧಕ್ಕೇ ನಿಂತಿತು. ಅವನನ್ನು ಹೂಳಿದ್ದು ಪ್ರತಾಪಗಡದ ಬುಡದಲ್ಲಿ. ಇಂಥದ್ದು ಕೈಯಲ್ಲಿರುವಾಗ ಬಾವಿಯಿಂದ ರಾತ್ರಿ ಕೇಳುವ ಕೂಗು ಗೀಗು ಯಾಕೆ ಬೇಕು?

ವಿಚಿತ್ರ ಅಂದರೆ ರಕ್ತ ಹರಿಯಲೇಬೇಕು ಅಂತಿಲ್ಲ. ನಮ್ಮ ಕೋಟೆಯ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪನ್ನೇ ತಗೋ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್. ಎಲ್ಲರೂ ಬರೆಯುವುದು ಬತ್ತಿ ಹೊತ್ತಿಸಿದವನು ಕಿವಿ ಉಳಿಸಿಕೊಳ್ಳಲು ನೀರಿಗೆ ಹಾರುತ್ತಿದ್ದ ಅಂತ. 1854ರಲ್ಲಿ ಬ್ರಿಟಿಷರು ಈ ತೋಪನ್ನು ಹರಾಜು ಹಾಕಿದರು. ಹೋದದ್ದು 150 ರೂಪಾಯಿಗೆ! ಜನ ಇದಕ್ಕೆ ಪೂಜೆ ಮಾಡುತ್ತಾರೆ ಅಂತ ಗೊತ್ತಾದ ಮೇಲೆ ಅಧಿಕಾರಿಗಳು ಆ ಮಾರಾಟವನ್ನೇ ರದ್ದು ಮಾಡಿದರು. ತೋಪು ಬುರುಜಿನ ಮೇಲೆ ಉಳಿಯಿತು.

ನನಗೆ ಕುತೂಹಲ ಆ 150 ರೂಪಾಯಿ ಕೂಗಿದವನ ಮೇಲೆ. ಅಷ್ಟು ಭಾರದ್ದನ್ನು ಬುರುಜಿನಿಂದ ಇಳಿಸುವುದು ಹೇಗೆ ಅಂತ ಲೆಕ್ಕ ಹಾಕಿದ್ದನೋ? ಒಡೆದು ಕರಗಿಸುವ ಆಸೆಯಿತ್ತೋ? ತೋಪಿನ ಕಥೆ ಬರೆಯುವವರು ಸುಲ್ತಾನರನ್ನು ಬಿಟ್ಟು ಕೆಳಗಿಳಿಯುವುದೇ ಇಲ್ಲ. ನೀನು ಇಳಿ. ಹಳೆಯ ಗೆಜೆಟಿಯರ್, ಅದೇ ಬ್ರಿಟಿಷರ ಕಾಲದ ಜಿಲ್ಲೆಯ ವಿವರದ ಪುಸ್ತಕ, ತೆಗೆದು ಓದು. ಬೋರು ಹೊಡೆಸುತ್ತದೆ, ನಿಜ. ಆದರೆ ಬೆಳೆ, ಕಂದಾಯದ ಪುಟಗಳ ಮಧ್ಯೆ ಇಂಥ ಸಾಲುಗಳು ಸಿಗುತ್ತವೆ.

ಸಾಠ್ ಕಬರ್ ಬರಹವನ್ನು ಈಗಲೇ ಎಲ್ಲೂ ಕಳಿಸಬೇಡ. ಮೊದಲು ತೋಪಿನ ಹರಾಜಿನ ಬಗ್ಗೆ ಎರಡು ಪುಟ ಬರೆ. ಗೊತ್ತಿಲ್ಲದ ಕಡೆ ಗೊತ್ತಿಲ್ಲ ಅಂತಲೇ ಬರೆ, ಕೊಂಡವನಿಗೆ ಮಾತ್ರ ಹೆಸರಿಡಬೇಡ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಗೆ ಬರುತ್ತೀಯಲ್ಲ, ಆಗ ತಗೊಂಡು ಬಾ. ಕೂತು ತಿದ್ದೋಣ.

ನಿನ್ನ,
ಅಣ್ಣ