ಪಿ ಅಂದರೆ ಪಾರ್ಕಿಂಗ್ ಅಂತ ನನಗೆ ಗೊತ್ತು

ತುಮಕೂರು
12 ಸೆಪ್ಟೆಂಬರ್ 2025

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ವಿಷಯ: ನಿಮ್ಮ ತುಮಕೂರು ಶೋರೂಮಿನಲ್ಲಿ ಆಗಸ್ಟ್ 1ರಂದು ಕೊಂಡ 2015ರ ಮಾಡೆಲ್ ಆಟೋಮ್ಯಾಟಿಕ್ ಸೆಡಾನ್ ಕಾರಿನ ಗೇರ್‌ಬಾಕ್ಸ್ ಬಗ್ಗೆ ದೂರು.

ಮಾನ್ಯರೇ,

ಇದು ನಾನು ನಿಮಗೆ ಬರೆಯುತ್ತಿರುವ ಮೊದಲ ಪತ್ರ. ಇದಕ್ಕೂ ಮುಂಚೆ ಒಂಬತ್ತು ಸಲ ಫೋನ್ ಮಾಡಿದ್ದೇನೆ. ಆರು ಸಲ 'ಕನ್ನಡಕ್ಕಾಗಿ ಮೂರು ಒತ್ತಿ' ಅಂದಿತು. ಒತ್ತಿದೆ. ಹಾಡು ಬಂತು. ಹಾಡು ಚೆನ್ನಾಗಿದೆ, ಅದರ ಬಗ್ಗೆ ದೂರಿಲ್ಲ. ಉಳಿದ ಮೂರು ಸಲ ಮನುಷ್ಯರು ಸಿಕ್ಕಿ, 48 ಗಂಟೆಯೊಳಗೆ ಅವರೇ ಫೋನ್ ಮಾಡುವುದಾಗಿ ಹೇಳಿದರು. ಆ 48 ಗಂಟೆ ಇನ್ನೂ ಮುಗಿದಿಲ್ಲ ಅನ್ಸುತ್ತೆ.

ಪತ್ರ ಬರೆಯುವ ಯೋಚನೆಯೇ ಇರಲಿಲ್ಲ. ಮೊನ್ನೆ ಬುಧವಾರ ಬೆಳಿಗ್ಗೆ ನಿಮ್ಮಿಂದ ಒಂದು ಮೆಸೇಜ್ ಬಂತು. 'ನಿಮ್ಮ ದೂರನ್ನು ಯಶಸ್ವಿಯಾಗಿ ಬಗೆಹರಿಸಲಾಗಿದೆ. ದಯವಿಟ್ಟು ನಮಗೆ 5 ಸ್ಟಾರ್ ಕೊಡಿ.' ಆ ಮೆಸೇಜ್ ಓದುವಾಗ ನಾನು ಕಾರಿನೊಳಗೇ ಕೂತಿದ್ದೆ. ಗೇರನ್ನು 'ಡಿ'ಗೆ, ಅಂದರೆ ಮುಂದೆ ಹೋಗುವ ಡ್ರೈವ್‌ಗೆ ಹಾಕಿ, ಗಾಡಿ ಯಾವಾಗ ಹೊರಡುತ್ತದೋ ಅಂತ ಕಾಯುತ್ತಿದ್ದೆ. ಮೆಸೇಜ್ ಪೂರ್ತಿ ಓದಿ ಮುಗಿಸಲು ಸಮಯ ಸಿಕ್ಕಿತು.

ನಾನು ಕೊಬ್ಬರಿ ವ್ಯಾಪಾರಿ. ಬಟವಾಡಿಯ ಎಪಿಎಂಸಿ ಯಾರ್ಡಿನಲ್ಲಿ ಮಳಿಗೆ ಇದೆ. ವಯಸ್ಸು 58. ಎಡಗಾಲಿನ ಮಂಡಿ ಸವೆದಿದೆ, ಕ್ಲಚ್ ತುಳಿಯುವುದು ಕಷ್ಟ ಅಂತಲೇ ಆಟೋಮ್ಯಾಟಿಕ್ ಹುಡುಕಿದ್ದು. ತಿಪಟೂರಿನ ಹರಾಜಿಗೆ ಹೋಗಿಬರಲು ಗಟ್ಟಿಯಾದ ಗಾಡಿ ಬೇಕಿತ್ತು. ಆಷಾಢ ಕಳೆಯಲಿ ಅಂತ ಕಾದು, ಜುಲೈ 30ರಂದು ನಿಮ್ಮಲ್ಲಿಗೆ ಬಂದೆ.

ನಮ್ಮ ವ್ಯಾಪಾರದಲ್ಲಿ ಉಂಡೆ ಕೊಬ್ಬರಿಯನ್ನು ಒಡೆದು ನೋಡಿ ಕೊಳ್ಳುವ ಹಾಗಿಲ್ಲ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತೇವೆ. ಒಳಗೆ ಹೇಗಿದೆ ಅಂತ ಸದ್ದೇ ಹೇಳುತ್ತದೆ. ನಿಮ್ಮ ಕಾರನ್ನೂ ನನಗೆ ತಿಳಿದ ಮಟ್ಟಿಗೆ ಅಲ್ಲಾಡಿಸಿ ನೋಡಿದೆ. ಕ್ಯಾತ್ಸಂದ್ರದವರೆಗೆ ಓಡಿಸಿಕೊಂಡು ಹೋಗಿ, ತಟ್ಟೆ ಇಡ್ಲಿ ತಿಂದು ವಾಪಸ್ ಬಂದೆವು. ಗಾಡಿ ಬೆಣ್ಣೆಯ ಹಾಗೆ ಹೋಯಿತು. ಒಂದೇ ಒಂದು ವಿಷಯ ಆವತ್ತು ಗಮನಕ್ಕೆ ಬಂದರೂ ತಲೆಗೆ ಹೋಗಲಿಲ್ಲ. ನಾನು ಬರುವ ಹೊತ್ತಿಗೆ ಬಾನೆಟ್ ಬಿಸಿಯಾಗಿತ್ತು. ಕೇಳಿದ್ದಕ್ಕೆ ನಿಮ್ಮ ಸೇಲ್ಸ್ ಹುಡುಗ, "ಸರ್, ನಿಮಗೋಸ್ಕರ ಏಸಿ ಹಾಕಿ ತಂಪು ಮಾಡಿಟ್ಟಿದ್ವಿ" ಅಂದ. ಎಷ್ಟು ಒಳ್ಳೆ ಹುಡುಗ ಅಂದುಕೊಂಡೆ.

ಎಂಜಿನ್ ತಣ್ಣಗಿದ್ದಾಗ ಈ ಗಾಡಿ ಹೇಗೆ ನಡೆದುಕೊಳ್ಳುತ್ತದೆ ಅಂತ ಗೊತ್ತಾಗಿದ್ದು 4,85,000 ರೂಪಾಯಿ ಕೊಟ್ಟು ಮನೆಗೆ ತಂದ ಮಾರನೇ ದಿನ ಬೆಳಿಗ್ಗೆ. 'ಡಿ'ಗೆ ಹಾಕಿದರೆ ಏನೂ ಆಗುವುದಿಲ್ಲ. ಒಂದು, ಎರಡು, ಮೂರು, ನಾಲ್ಕು ಎಣಿಸುವ ಹೊತ್ತಿಗೆ ಹಿಂದಿನಿಂದ ಯಾರೋ ಒದ್ದ ಹಾಗೆ ಜಗ್ಗಿ ಹೊರಡುತ್ತದೆ. ಒಂದು ವಾರ ಕಳೆದ ಮೇಲೆ ತಿಪಟೂರು ರಸ್ತೆಯಲ್ಲಿ, ನಿಟ್ಟೂರಿನ ಹತ್ತಿರ, 60-70ರ ವೇಗದಲ್ಲಿ ಇಡೀ ಗಾಡಿ ನಡುಗಲು ಶುರುವಾಯಿತು. ರಸ್ತೆ ಸರಿ ಇಲ್ಲ ಅಂದುಕೊಂಡೆ. ರಸ್ತೆ ಚೆನ್ನಾಗಿಯೇ ಇತ್ತು. ಆಮೇಲೆ ಎರಡನೇ ಗೇರಿನಿಂದ ಮೂರನೆಯದಕ್ಕೆ ಹೋಗುವಾಗ ಎಂಜಿನ್ ಸುಮ್ನೆ ಕೂಗುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ. ಇವೆಲ್ಲವನ್ನೂ ಫೋನಿನಲ್ಲಿ ಹೇಳಿದ್ದೇನೆ. ನಿಮ್ಮ ಹಾಡಿಗೂ ಹೇಳಿದ್ದೇನೆ.

ಆಗಸ್ಟ್ 16, ಶ್ರಾವಣ ಶನಿವಾರ. ಹೆಂಡತಿ, ಮಗಳು, ಅಳಿಯಂದಿರು, ಒಂದು ವರ್ಷದ ಮೊಮ್ಮಗು, ಎಲ್ಲರೂ ದೇವರಾಯನದುರ್ಗಕ್ಕೆ ಹೊರಟೆವು. ಕೆಳಗೆ ಭೋಗ ನರಸಿಂಹನ ದರ್ಶನ ಆಯಿತು. ಮೇಲೆ ಯೋಗ ನರಸಿಂಹನ ಬಳಿಗೆ ಹೋಗುವ ಏರಿನಲ್ಲಿ ಎಂಜಿನ್ ಬೊಬ್ಬೆ ಹೊಡೆಯಿತು, ಗಾಡಿ ನಿಂತಿತು, ನಿಂತದ್ದು ಹಿಂದಕ್ಕೆ ಜಾರಿತು. ಹಿಂದೆ ಒಂದು ಟೆಂಪೋ ಟ್ರಾವೆಲರ್ ಇತ್ತು. ಬ್ರೇಕ್ ಸರಿ ಇತ್ತು, ಅದಕ್ಕೆ ನಿಮಗೆ ಧನ್ಯವಾದ. ಸುಟ್ಟ ವಾಸನೆ. ಮಗು ಎತ್ತಿಕೊಂಡು ಮಗಳು ಇಳಿದಳು. ಯಾರೋ ಪುಣ್ಯಾತ್ಮರು ಗಾಡಿಯನ್ನು ಪಕ್ಕಕ್ಕೆ ತಳ್ಳಿದರು. ನಿಮ್ಮ ರಸ್ತೆ ಸಹಾಯದ ನಂಬರಿಗೆ ಮಾಡಿದರೆ, "ಆ ಜಾಗ ಮ್ಯಾಪಿನಲ್ಲಿ ಕಾಡು ಅಂತ ತೋರಿಸ್ತಿದೆ ಸರ್" ಅಂದರು. ಹೌದು, ಕಾಡೇ. ನಾವು ಅಲ್ಲೇ ಇದ್ದೆವು. ಕೊನೆಗೆ 3,500 ರೂಪಾಯಿ ಕೊಟ್ಟು ಲಾರಿ ಮೇಲೆ ಹೇರಿಸಿಕೊಂಡು ಬಂದೆ.

ಸೋಮವಾರ ಗುಬ್ಬಿ ಗೇಟಿನ ಹತ್ತಿರದ ಒಬ್ಬ ಮೆಕ್ಯಾನಿಕ್‌ಗೆ ತೋರಿಸಿದೆ. ಆತ ಏನನ್ನೂ ಬಿಚ್ಚಲಿಲ್ಲ. ಗೇರ್ ಆಯಿಲ್ ಕಡ್ಡಿ ಹೊರಗೆ ತೆಗೆದು ಬಿಳಿ ಬಟ್ಟೆಗೆ ಒರೆಸಿ ತೋರಿಸಿದ. "ಅಣ್ಣಾ, ಇದು ಕುಂಕುಮದ ನೀರಿನ ಹಾಗೆ ಕೆಂಪಗಿರಬೇಕು" ಅಂದ. ಅದು ಬೆಲ್ಲದ ಕಾಫಿ ಥರ ಇತ್ತು. ಈ ಆಯಿಲ್ಲಿನ ಒತ್ತಡವೇ ಒಳಗಿನ ಕ್ಲಚ್ ಪ್ಲೇಟುಗಳನ್ನು ಹಿಡಿದುಕೊಳ್ಳುವುದು, ಹಿಡಿತ ಹೋದರೆ ಎಂಜಿನ್ ಮಾತ್ರ ಸುತ್ತುತ್ತದೆ, ಜಾರಿ ಜಾರಿ ಪ್ಲೇಟ್ ಸುಡುತ್ತದೆ ಅಂತ ವಿವರಿಸಿದ. ಇದು ಯಾವಾಗ ಸುಟ್ಟಿದ್ದು ಅಂತ ಕೇಳಿದೆ. ಬಣ್ಣ ನೋಡಿ ಹೇಳಕ್ಕಾಗಲ್ಲ, ಘಾಟಿಯಲ್ಲಿ ಒಂದೇ ದಿನದಲ್ಲೂ ಸುಡಬಹುದು ಅಂದ. ಪ್ರಾಮಾಣಿಕ ಮನುಷ್ಯ. ನಿಮ್ಮ ಪರವಾಗಿಯೂ ಒಂದು ಮಾತು ಹೇಳಿದ, ನೋಡಿ.

ಆಮೇಲೆ, ಗಾಡಿಯ ಕಂಪ್ಯೂಟರ್ ನೆನಪಿಟ್ಟುಕೊಂಡ ದೋಷಗಳನ್ನು ಕೋಡಿನಲ್ಲಿ ತೋರಿಸುವ ಸ್ಕ್ಯಾನರ್ ಹಾಕಿದ. ಪಿ0700 ಮತ್ತು ಪಿ0730 ಅಂತ ಎರಡು ಕೋಡ್ ಬಂದವು. ಮೊದಲನೆಯದು ಗೇರ್‌ಬಾಕ್ಸಿನ ಕಂಟ್ರೋಲಿನಲ್ಲಿ ದೋಷ ಇದೆ ಅಂತ. ಎರಡನೆಯದು ಗೇರಿನ ಅನುಪಾತ ತಪ್ಪಿದೆ, ಅಂದರೆ ಒಳಗೆ ಜಾರುತ್ತಿದೆ ಅಂತ. ಅದೇ ಪರದೆಯಲ್ಲಿ ಇನ್ನೊಂದು ಸಾಲು ಇತ್ತು: ಹಳೆ ಕೋಡುಗಳನ್ನು ಅಳಿಸಿದ ಮೇಲೆ ಓಡಿದ ದೂರ, 801 ಕಿ.ಮೀ.

ನಾನು ಲೆಕ್ಕ ಬರೆಯುವವನು. ಗಾಡಿ ಕೈಗೆ ಬಂದ ದಿನ ಮೀಟರ್ 61,820 ಇತ್ತು. ಆವತ್ತು 62,610. ನಾನು ಓಡಿಸಿದ್ದು 790. ಉಳಿದದ್ದು 11. ನಿಮ್ಮ ಶೋರೂಮಿನಿಂದ ಕ್ಯಾತ್ಸಂದ್ರಕ್ಕೆ ಹೋಗಿಬರಲು ಎಷ್ಟು ದೂರ ಅಂತ ನಿಮಗೂ ಗೊತ್ತು. ಯಾರೋ ಒಬ್ಬರು, ನಾನು ಟೆಸ್ಟ್ ಡ್ರೈವ್‌ಗೆ ಬರುವ ಮುಂಚೆ, ಈ ಗಾಡಿಯ ನೆನಪನ್ನು ಒರೆಸಿದ್ದಾರೆ. ಆಮೇಲೆ ಏಸಿ ಹಾಕಿ ತಂಪು ಮಾಡಿದ್ದಾರೆ. ಬ್ಯಾಟರಿ ಬದಲಾಯಿಸಿದಾಗಲೂ ಹೀಗೆ ಅಳಿಸಿಹೋಗಬಹುದು ಅಂತೀರಾ? ಇರಬಹುದು. ಹಾಗಾದರೆ ಬ್ಯಾಟರಿಯ ಬಿಲ್ ಕಳಿಸಿ.

ನಿಮ್ಮ ಶೋರೂಮಿನಲ್ಲಿ ತೋರಿಸಲು ಸಿಕ್ಕಿದ ದಿನ ಸೆಪ್ಟೆಂಬರ್ 1. ಗಣೇಶನ ಹಬ್ಬ, ಸ್ಟಾಫ್ ಇಲ್ಲ ಅಂದರು, ಒಪ್ಪಿಕೊಂಡೆ. ಅಳಿಯಂದಿರು ಜೊತೆಗೆ ಬಂದರು. ಬರಬೇಡಿ ಅನ್ನಬೇಕಿತ್ತು.

ಹೋದಾಗ 11 ಗಂಟೆ 20 ನಿಮಿಷ. ಕೊಳ್ಳಲು ಬಂದ ದಿನ ನನ್ನನ್ನು ನೀಲಿ ಸೋಫಾದಲ್ಲಿ ಕೂರಿಸಿದ್ದರು. ಈ ಸಲ ನೀರಿನ ಕ್ಯಾನ್ ಪಕ್ಕದ ಪ್ಲಾಸ್ಟಿಕ್ ಕುರ್ಚಿ. ಒಂದೇ ಕುರ್ಚಿ. ಅಳಿಯಂದಿರು ನಿಂತರು. ಟ್ರೇಯಲ್ಲಿ ಎರಡು ಟೀ ಬಂತು, ನಮ್ಮನ್ನು ದಾಟಿ ಸೋಫಾದ ಕಡೆಗೆ ಹೋಯಿತು. ಅಲ್ಲಿ ಒಂದು ಜೋಡಿ ಸ್ವೀಟ್ ಬಾಕ್ಸ್ ಹಿಡಿದು ಕೂತಿತ್ತು. ನಲವತ್ತು ನಿಮಿಷ ಆದಮೇಲೆ ನಿಮ್ಮ ಸರ್ವಿಸ್ ಅಡ್ವೈಸರ್ ಬಂದ. ನನ್ನ ಮಗಳಿಗಿಂತ ಚಿಕ್ಕವನು. ಜುಲೈನಲ್ಲಿ ನಾನು 'ಸರ್' ಆಗಿದ್ದೆ. ಈಗ 'ಅಂಕಲ್' ಆದೆ.

"ಅಂಕಲ್, ಮುಂಚೆ ಯಾವ ಗಾಡಿ ಓಡಿಸ್ತಿದ್ರಿ?"

"ಟೆಂಪೋ ಇತ್ತು, ಆಮೇಲೆ ಓಮ್ನಿ."

"ಅದೇ ಪ್ರಾಬ್ಲಂ." ಇದನ್ನು ನನಗಲ್ಲ, ನನ್ನ ಅಳಿಯಂದಿರಿಗೆ ಹೇಳಿದ. "ಗೇರ್ ಗಾಡಿ ಅಭ್ಯಾಸ ಆದವರಿಗೆ ಇದು ಬೇಗ ಕೈ ಹತ್ತಲ್ಲ."

ಸ್ಕ್ಯಾನರಿನ ಫೋಟೋ ತೋರಿಸಲು ಫೋನ್ ತೆಗೆದೆ. ಹೊರಗಡೆಯ ಸ್ಕ್ಯಾನ್ ನಾವು ನೋಡಲ್ಲ, ಹೊರಗೆ ತೋರಿಸಿದರೆ ವಾರಂಟಿಯೇ ಹೋಗುತ್ತೆ ಅಂದ. ನಂತರ, "ಬನ್ನಿ, ಹೇಳಿಕೊಡ್ತೀನಿ" ಅಂತ ಎದ್ದ. ನನ್ನನ್ನು ನನ್ನದೇ ಕಾರಿನಲ್ಲಿ ಕೂರಿಸಿದ. ಬಾಗಿಲು ತೆಗೆದೇ ಇತ್ತು. ಗೇರಿನ ಮೇಲೆ ಬೆರಳಿಟ್ಟ.

"ಇದು ಏನು ಅಂಕಲ್?"

"ಪಿ."

"ಪಿ ಅಂದ್ರೆ?"

"ಪಾರ್ಕಿಂಗ್."

"ವೆರಿ ಗುಡ್. ಇದು?"

ಹೀಗೆ ನಾಲ್ಕೂ ಅಕ್ಷರ ಓದಿಸಿದ. ಪಕ್ಕದಲ್ಲಿ ಕಾರು ತೊಳೆಯುತ್ತಿದ್ದ ಹುಡುಗರು ಪೈಪಿನ ನೀರು ನಿಲ್ಲಿಸಿ ನೋಡಿದರು. ಸ್ವೀಟ್ ಬಾಕ್ಸಿನ ಜೋಡಿ ಗಾಜಿನ ಆಚೆಯಿಂದ ನೋಡಿತು. 'ಎನ್ ಅಂದ್ರೆ ನ್ಯೂಟ್ರಲ್' ಅಂತ ನಾನು ಹೇಳಿದ್ದು ಜೋರಾಗಿಯೇ ಕೇಳಿಸಿರಬೇಕು, ಯಾಕೆಂದರೆ ಆಗ ಬೇರೆ ಯಾವ ಸದ್ದೂ ಇರಲಿಲ್ಲ. ಬ್ರೇಕಿಗೆ ಎಡಗಾಲು ಇಡ್ತೀರಾ ಅಂತ ಕೇಳಿದ. ಎಡಗಾಲು ನೋವು ಅಂತಲೇ ಈ ಗಾಡಿ ತಗೊಂಡಿದ್ದಪ್ಪಾ ಅಂದೆ. ಅದನ್ನೂ ಏನೋ ಬರೆದುಕೊಂಡ. ಆಮೇಲೆ 'ಡಿ'ಗೆ ಹಾಕಿ ಅಂದ. ಹಾಕಿದೆ. ನಾವು ಮೂವರೂ ಕಾದೆವು. ನಾನು ಗಟ್ಟಿಯಾಗಿ ಎಣಿಸಿದೆ. ನಾಲ್ಕಕ್ಕೆ ಜಗ್ಗಿತು.

"ನೋಡಿ, ಬಂತಲ್ಲ?" ಅಂದ. "ಸ್ವಲ್ಪ ತಾಳ್ಮೆ ಬೇಕು ಅಂಕಲ್."

ಕೊನೆಗೆ ಒಂದು ಕಾಗದಕ್ಕೆ ಸಹಿ ಹಾಕಲು ಹೇಳಿದ. 'ಗ್ರಾಹಕರಿಗೆ ವಾಹನ ಚಲಾಯಿಸುವ ಬಗ್ಗೆ ತಿಳುವಳಿಕೆ ನೀಡಲಾಯಿತು' ಅಂತ ಅಚ್ಚಾಗಿತ್ತು. ಅಚ್ಚಾಗಿತ್ತು ಅಂದರೆ ಇದು ನನ್ನೊಬ್ಬನಿಗೆ ಮಾಡಿಸಿದ್ದಲ್ಲ ಅಂತ ಆಯಿತಲ್ವಾ? ಪೆನ್ನನ್ನು ಟೇಬಲ್ಲಿಗೆ ದಾರದಿಂದ ಕಟ್ಟಿದ್ದರು. ದಾರ ಗಿಡ್ಡ, ಬಗ್ಗಿ ಸಹಿ ಹಾಕಬೇಕು. ಹಾಕಲಿಲ್ಲ. ಗಾಡಿ ಬಿಟ್ಟು ಆಟೋ ಹಿಡಿದೆವು. ಅಳಿಯಂದಿರು ಅಷ್ಟು ಹೊತ್ತು ಫೋನ್ ನೋಡುತ್ತಿದ್ದರು, ಫೋನಿನಲ್ಲಿ ಏನೂ ಇರಲಿಲ್ಲ. ಟೌನ್ ಹಾಲ್ ದಾಟಿದ ಮೇಲೆ ಮೆಲ್ಲಗೆ ಹೇಳಿದರು, "ಮಾವ, ಇನ್ಮೇಲೆ ಎಲ್ಲಾದ್ರೂ ಹೋಗ್ಬೇಕಾದ್ರೆ ನಂಗೆ ಹೇಳಿ, ನಾನೇ ಓಡಿಸ್ತೀನಿ." ಒಳ್ಳೆ ಮನಸ್ಸಿನಿಂದಲೇ ಹೇಳಿದ್ದು. ನನಗೆ ಆವತ್ತು ಊಟ ಸೇರಲಿಲ್ಲ.

ನಮ್ಮಲ್ಲೂ ಒಂದೊಂದು ಚೀಲದಲ್ಲಿ ಕೌಟು ಕೊಬ್ಬರಿ ಬರುತ್ತದೆ. ವಾಪಸ್ ತಗೋತೀವಿ. ಕೊಂಡವರಿಗೆ 'ನಿಮಗೆ ಕೊಬ್ಬರಿ ತಿನ್ನೋಕೆ ಬರಲ್ಲ' ಅಂತ ಹೇಳುವುದಿಲ್ಲ.

ಎಂಟು ದಿನ ಇಟ್ಟುಕೊಂಡು 9ನೇ ತಾರೀಕು ಗಾಡಿ ವಾಪಸ್ ಕೊಟ್ಟಿರಿ. ಫಳಫಳ ತೊಳೆದಿದ್ದೀರಿ. ಟೈರಿಗೂ ಪಾಲಿಶ್. ಜೊತೆಗೆ 'ಪರಿಶೀಲನೆ ಶುಲ್ಕ' ಅಂತ 1,180 ರೂಪಾಯಿಯ ಬಿಲ್. ಗೇರ್‌ಬಾಕ್ಸ್ ಯಾಕೆ ಮುಟ್ಟಿಲ್ಲ ಅಂದರೆ, ಒಳಗೆ ಹೋಗಿರುವುದು ಕ್ಲಚ್, ಕ್ಲಚ್ ಸವೆಯುವ ಭಾಗ, ಅದು ವಾರಂಟಿಗೆ ಬರುವುದಿಲ್ಲ ಅಂದರು. ಮಾರುವಾಗ 'ಸರ್, ಇದರಲ್ಲಿ ಕ್ಲಚ್ಚೇ ಇಲ್ಲ, ಆರಾಮ' ಅಂದಿದ್ದಿರಿ. ಈಗ ಇದೆ, ಆದರೆ ಅದು ನಿಮ್ಮದಲ್ಲ. ನಿಮ್ಮ ವಾರಂಟಿ ಪುಸ್ತಕದ 4ನೇ ಪುಟ ನಿಮಗೆ ಬಾಯಿಪಾಠ ಇರುತ್ತದೆ, ನಾನು ಹೇಳಬೇಕಾಗಿಲ್ಲ. 'ಎಂಜಿನ್ ಮತ್ತು ಗೇರ್‌ಬಾಕ್ಸಿನ ಎಲ್ಲ ಒಳಭಾಗಗಳು, 6 ತಿಂಗಳು ಅಥವಾ 7,500 ಕಿ.ಮೀ.' ಗೇರ್‌ಬಾಕ್ಸಿನ ಒಳಗಿರುವ ಪ್ಲೇಟು ಒಳಭಾಗ ಅಲ್ಲದಿದ್ದರೆ ಇನ್ನೇನು, ಚಕ್ರದ ಕಪ್ಪೇ? ಕ್ಲಚ್ ಬಗ್ಗೆ ಬರೆದಿರುವುದು ಕಾಲಿನಿಂದ ತುಳಿಯುವ ಗಾಡಿಗಳ ಪುಟದಲ್ಲಿ, 6ನೇ ಪುಟ.

ನನಗೆ ಬೇಕಾದದ್ದು ಜಾಸ್ತಿ ಏನಿಲ್ಲ. ಗೇರ್‌ಬಾಕ್ಸ್ ಬಿಚ್ಚಿ ಸರಿ ಮಾಡಿ ಕೊಡಿ, ಹೊರಗೆ ಅದಕ್ಕೆ 1,35,000 ಹೇಳಿದ್ದಾರೆ. ಇಲ್ಲವಾದರೆ ಗಾಡಿ ತಗೊಂಡು ದುಡ್ಡು ವಾಪಸ್ ಕೊಡಿ. ಜುಲೈ 30ರ ಸ್ಕ್ಯಾನ್ ವರದಿ ಕಳಿಸಿ. ಹಾಗೇ, ಹಳೆ ಗಾಡಿ ಮಾರುವ ಡೀಲರುಗಳಿಗೆ 2023ರ ಏಪ್ರಿಲ್ 1ರಿಂದ ಆರ್‌ಟಿಒದ ಅಧಿಕಾರ ಪತ್ರ ಬೇಕು ಅಂತ ನಿಯಮ ಇದೆಯಲ್ಲ, ಅದರ ಪ್ರತಿಯೂ ಬೇಕು. ನಿಮ್ಮ ಹತ್ತಿರ ಇದ್ದೇ ಇರುತ್ತದೆ ಬಿಡಿ.

ಸೆಪ್ಟೆಂಬರ್ 27ರವರೆಗೆ ಕಾಯುತ್ತೇನೆ. ಆಮೇಲೆ ತುಮಕೂರಿನ ಜಿಲ್ಲಾ ಗ್ರಾಹಕರ ಆಯೋಗ ಇದೆ. 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಫೀಸಿಲ್ಲ, ನಾನು ಕೊಟ್ಟದ್ದು 4,85,000. ನೀವು 5,05,000 ಹೇಳಿದಾಗ ಚೌಕಾಸಿ ಮಾಡಿದ್ದು ಎಷ್ಟು ಒಳ್ಳೆಯದಾಯಿತು.

ಅಕ್ಟೋಬರ್ 1 ಆಯುಧಪೂಜೆ. ಆವತ್ತು ನಿಮ್ಮ ಶೋರೂಂ ಮುಂದೆ ಎಷ್ಟು ಜನ ಸೇರುತ್ತಾರೆ ಅಂತ ನನಗೆ ಗೊತ್ತು. ನನ್ನ ಗಾಡಿಯ ಪೂಜೆಯೂ ಅಲ್ಲೇ, ನಿಮ್ಮ ಗೇಟಿನ ಹೊರಗೆ. ಹಿಂದಿನ ರಾತ್ರಿಯೇ ತಂದು ನಿಲ್ಲಿಸುತ್ತೇನೆ, ಬೆಳಿಗ್ಗೆ ಎಂಜಿನ್ ತಣ್ಣಗಿರಬೇಕಲ್ಲ. ಗಾಡಿ ಕೊಳ್ಳಲು ಬಂದವರನ್ನು ಒಬ್ಬೊಬ್ಬರಾಗಿ ಕೂರಿಸಿ, 'ಡಿ'ಗೆ ಹಾಕಿ ಎಣಿಸಿ ಅನ್ನುತ್ತೇನೆ. ತೆಂಗಿನಕಾಯಿ ನನ್ನ ಮಳಿಗೆಯಲ್ಲೇ ಇದೆ. ಬೂದುಗುಂಬಳವನ್ನೂ ನಾನೇ ತರುತ್ತೇನೆ.

ಇಂತಿ,
ನಿಮ್ಮ ಗ್ರಾಹಕ
ಬಟವಾಡಿ, ತುಮಕೂರು