ಹಾಸ್ಯಗಾರರ ಬಗ್ಗೆಯೂ ನಾಲ್ಕು ಸಾಲು ಬರೆಯಿರಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆಯ ಯಕ್ಷಗಾನ ವಿಮರ್ಶೆಯನ್ನು ನಾನು ತಪ್ಪದೆ ಓದುತ್ತೇನೆ. ಭಾಗವತರ ಪದ, ಚಂಡೆಯ ಪೆಟ್ಟು, ಪುಂಡುವೇಷದ ದಿಗಿಣದ ಕುಣಿತ, ಸ್ತ್ರೀವೇಷದ ಅಭಿನಯ, ಎಲ್ಲದಕ್ಕೂ ಜಾಗ ಇರುತ್ತದೆ. ಕೊನೆಗೆ ಒಂದು ಸಾಲು: ‘ಹಾಸ್ಯ ಪೂರಕವಾಗಿತ್ತು.’ ಕೆಲವು ವಾರ ಅದೂ ಇರುವುದಿಲ್ಲ. ಆಟದ, ಅಂದರೆ ಯಕ್ಷಗಾನ ಪ್ರದರ್ಶನದ, ಕರಪತ್ರದಲ್ಲೂ ಹಾಗೆಯೇ. ಹಾಸ್ಯಗಾರರ ಹೆಸರು ತೀರಾ ಕೆಳಗೆ, ಸಣ್ಣ ಅಕ್ಷರದಲ್ಲಿ. ಇದು ಸರಿಯಲ್ಲ ಎಂದು ಹೇಳುವುದಕ್ಕೇ ಈ ಪತ್ರ.

ನಾನು ಬ್ರಹ್ಮಾವರ ಕಡೆಯವಳು. ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ಚಿಕ್ಕಂದಿನಿಂದ ಆಟ ನೋಡಿ ಬೆಳೆದವಳು. ಆಗ ಕೊಯ್ಲಾದ ಗದ್ದೆಯಲ್ಲಿ ಚಾಪೆ ಹಾಸಿ ಬೆಳಗಿನವರೆಗೂ ಕೂರುತ್ತಿದ್ದೆವು. ನಿದ್ದೆ ಬಂದರೆ ಹಾಸ್ಯಗಾರ ಬಂದಾಗ ಎಬ್ಬಿಸು ಎಂದು ಅಮ್ಮನಿಗೆ ಹೇಳಿಯೇ ಮಲಗುವುದು. ರಾಕ್ಷಸ ಬಂದಾಗ ಯಾರೂ ಎಬ್ಬಿಸಬೇಕಾಗಿರಲಿಲ್ಲ, ಚಂಡೆಯೇ ಎಬ್ಬಿಸುತ್ತಿತ್ತು.

ಈಗ ಬಹಳ ಕಡೆ ಕಾಲಮಿತಿ ಆಟ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ ಎನ್ನುವ ನಿಯಮ 2000ನೇ ಇಸವಿಯಿಂದಲೇ ಇದೆ. ಜನರಿಗೂ ಮಾರನೇ ದಿನ ಕೆಲಸಕ್ಕೆ ಹೋಗಬೇಕು. ಆಟ ಚಿಕ್ಕದಾದದ್ದಕ್ಕೆ ನನ್ನ ತಕರಾರಿಲ್ಲ. ಆದರೆ ಚಿಕ್ಕದು ಮಾಡುವಾಗ ಮೊದಲು ಕತ್ತರಿ ಬೀಳುವುದು ಹಾಸ್ಯಕ್ಕೆ. ಹಾಸ್ಯಗಾರ ದೂತನಾಗಿ ಬರುತ್ತಾನೆ, ‘ಅಪ್ಪಣೆ’ ಅನ್ನುತ್ತಾನೆ, ಹೋಗುತ್ತಾನೆ. ಅಷ್ಟೇ ಆದರೆ ಅವನಿಗೆ ಬಣ್ಣ ಯಾಕೆ ಹಚ್ಚಬೇಕಿತ್ತು?

ಅವನಿಗೆ ಸ್ವಲ್ಪ ಸಮಯ ಸಿಕ್ಕರೆ ಏನಾಗುತ್ತದೆ ಎನ್ನುವುದನ್ನು ಈ ವರ್ಷ ನಮ್ಮ ಪಕ್ಕದೂರಿನ ಆಟದಲ್ಲಿ ನೋಡಿದೆ. ರಾಕ್ಷಸರಾಜ ದೇವೇಂದ್ರನನ್ನು ಓಡಿಸಿ ಬಂದಿದ್ದಾನೆ. ‘ಇಂದಿನಿಂದ ಸ್ವರ್ಗಲೋಕ ನನ್ನದು, ಹೋಗಿ ಡಂಗುರ ಸಾರು’ ಎಂದು ದೂತನಿಗೆ ಅಪ್ಪಣೆ ಮಾಡಿದ. ದೂತ ಹೊರಟವನು ನಿಂತ. ಕುಂದಾಪ್ರ ಕನ್ನಡದಲ್ಲಿ ಮೆಲ್ಲಗೆ ಕೇಳಿದ: ‘ಒಡೆಯಾ, ಗೆದ್ದದ್ ಸಮ. ಆರ್‌ಟಿಸಿ ಯಾರ್ ಹೆಸ್ರಂಗಿತ್ತ್?’

ಸಭೆಯಲ್ಲಿ ಒಂದು ಕ್ಷಣ ಏನೂ ಇಲ್ಲ. ಆಮೇಲೆ ನಗು ಒಡೆಯಿತು. ಅಲ್ಲಿ ಕೂತವರಲ್ಲಿ ಎಷ್ಟೋ ಜನ ತೀರಿಕೊಂಡ ಹಿರಿಯರ ಜಮೀನಿನ ಆರ್‌ಟಿಸಿ ತಮ್ಮ ಹೆಸರಿಗೆ ಬರಲೆಂದು ಪೌತಿ ಖಾತೆ ಮಾಡಿಸಲು ತಾಲೂಕು ಕಚೇರಿ ಮೆಟ್ಟಿಲು ಹತ್ತಿ ಇಳಿದವರೇ. ರಾಕ್ಷಸರಾಜನಿಗೆ ಸಿಟ್ಟು ಬಂತು. ‘ಎಲವೋ ಮೂಢಾ, ನನ್ನ ಖಡ್ಗವೇ ನನ್ನ ದಾಖಲೆ!’ ಎಂದು ಗರ್ಜಿಸಿದ. ದೂತ ಕೈಮುಗಿದು ಹೇಳಿದ: ‘ಆಯ್ತ್ ಒಡೆಯಾ. ಹಂಗಾರೆ ಖಡ್ಗದ್ ಜೆರಾಕ್ಸ್ ಎರಡ್ ಪ್ರತಿ ಬೇಕಂಬ್ರ್.’ ನನ್ನ ಪಕ್ಕದಲ್ಲಿದ್ದ ಅಜ್ಜಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ನಗುತ್ತಿದ್ದರು.

ಇಲ್ಲಿ ನಾನು ಗಮನಿಸಿದ್ದು ರಾಕ್ಷಸನ ವೇಷಧಾರಿಯನ್ನು. ಇಡೀ ಬಯಲು ನಗುತ್ತಿದೆ, ಅವರ ಮುಖದಲ್ಲಿ ಮಾತ್ರ ಒಂದು ಗೆರೆಯೂ ಅಲುಗಲಿಲ್ಲ. ಅವರು ನಕ್ಕಿದ್ದರೆ ಆ ಮಾತು ಅಲ್ಲೇ ಸತ್ತುಹೋಗುತ್ತಿತ್ತು. ಗ್ರಾಂಥಿಕ ಕನ್ನಡ, ದೊಡ್ಡ ಕಿರೀಟ, ಭುಜಕೀರ್ತಿ, ಸುಡುವ ಕಣ್ಣು, ಇದೆಲ್ಲ ಒಂದು ಕಡೆ. ಒಂದು ಟೊಪ್ಪಿ, ಒಂದು ಅಂಗಿ, ಮನೆಯ ಮಾತು ಇನ್ನೊಂದು ಕಡೆ. ಎರಡೂ ಎದುರೆದುರು ನಿಲ್ಲಬೇಕು. ಮೊಬೈಲಿನಲ್ಲಿ ಓಡಾಡುವ ಒಂದು ನಿಮಿಷದ ತುಣುಕಿನಲ್ಲಿ ಇದು ಸಿಗುವುದಿಲ್ಲ. ಅಲ್ಲಿ ದೂತನ ಮಾತು ಮಾತ್ರ ಇರುತ್ತದೆ, ಅದಕ್ಕೆ ಮೊದಲು ರಾಜ ಕಟ್ಟಿದ ಗಾಂಭೀರ್ಯ ಇರುವುದಿಲ್ಲ.

ಹಾಸ್ಯ ಎಂದರೆ ನಡುವೆ ಹೊತ್ತು ಕಳೆಯಲು ಇಟ್ಟದ್ದು ಎಂದು ಕೆಲವರು ಹೇಳುತ್ತಾರೆ. ಆ ಕೆಲಸವನ್ನೂ ಅದು ಮಾಡಿದೆ, ನಿಜ. ತೆಂಕುತಿಟ್ಟಿನಲ್ಲಿ, ಅಂದರೆ ದಕ್ಷಿಣದ ಶೈಲಿಯಲ್ಲಿ, ರಾಕ್ಷಸರಂಥ ಬಣ್ಣದ ವೇಷದವರು ಚೌಕಿಯಲ್ಲಿ (ವೇಷ ಕಟ್ಟುವ ಜಾಗದಲ್ಲಿ) ಕೂತು ಮುಖಕ್ಕೆ ಅಕ್ಕಿಹಿಟ್ಟಿನ ಚುಟ್ಟಿ ಇಡಲು ಗಂಟೆಗಟ್ಟಲೆ ಬೇಕು. ಅಷ್ಟು ಹೊತ್ತು ಜನ ಎದ್ದು ಹೋಗದಂತೆ ನೋಡಿಕೊಳ್ಳುವುದೇನು ಸಣ್ಣ ಕೆಲಸವಾ? ಆದರೆ ಅಷ್ಟಕ್ಕೇ ಮುಗಿಯುವುದಿಲ್ಲ. ನಳ ದಮಯಂತಿ ಪ್ರಸಂಗದ ಬಾಹುಕನನ್ನು ನೋಡಿ. ಕಾರ್ಕೋಟಕ ಕಚ್ಚಿ ರೂಪ ಕೆಟ್ಟ ನಳ ಮಹಾರಾಜ ಅವನು. ಈ ಪಾತ್ರ ನಮ್ಮಲ್ಲಿ ಹಾಸ್ಯಗಾರರ ಪಾಲಿನದು. ಋತುಪರ್ಣನ ರಥ ಓಡಿಸುವಾಗ ರಾಜನ ಶಾಲು ಕೆಳಗೆ ಬೀಳುತ್ತದೆ. ನಿಲ್ಲಿಸು ಎಂದರೆ, ಅದು ಬಿದ್ದ ಜಾಗ ಆಗಲೇ ಒಂದು ಯೋಜನ ಹಿಂದೆ ಹೋಯಿತು ಎನ್ನುತ್ತಾನೆ ಬಾಹುಕ. ಇದು ಮಹಾಭಾರತದಲ್ಲೇ ಇರುವ ಸಂಗತಿ. ಹಾಸ್ಯಗಾರರು ಇದನ್ನು ಹಿಡಿದುಕೊಂಡು ಜನರನ್ನು ಬಹಳ ನಗಿಸುತ್ತಾರೆ. ಘಾಟಿಯಲ್ಲಿ ಬಸ್ಸಿನ ಕಂಬಿ ಹಿಡಿದು ನಿಂತವರಿಗೆಲ್ಲ ಅದು ಗೊತ್ತಿರುವ ಪ್ರಯಾಣವೇ. ಸ್ವಲ್ಪ ಹೊತ್ತಿಗೆ ಅದೇ ಬಾಹುಕನ ಮುಂದೆ ಅವನ ಇಬ್ಬರು ಮಕ್ಕಳು ಬಂದು ನಿಲ್ಲುತ್ತಾರೆ. ನಾನು ನಿಮ್ಮ ಅಪ್ಪ ಎಂದು ಹೇಳುವಂತಿಲ್ಲ. ಈಗಷ್ಟೇ ನಕ್ಕ ಜನ ಅಲ್ಲಿ ಅಳುತ್ತಾರೆ. ಇದನ್ನು ಸಾಧಿಸುವ ಕಲಾವಿದರಿಗೆ ‘ಪೂರಕ’ ಎನ್ನುವ ಮಾತು ಸಾಕಾಗುತ್ತದಾ?

ನಮ್ಮ ಹಿರಿಯರು ಹಾಸ್ಯಗಾರರಾದ ಕುಂಜಾಲು ರಾಮಕೃಷ್ಣ, ಹಾಲಾಡಿ ಕೊರಗಪ್ಪ ಎಂದರೆ ಈಗಲೂ ಮುಖ ಅರಳಿಸುತ್ತಾರೆ. ತೆಂಕಿನವರನ್ನು ಕೇಳಿದರೆ ವಿಟ್ಲ ಗೋಪಾಲಕೃಷ್ಣ ಜೋಷಿ, ಮಿಜಾರು ಅಣ್ಣಪ್ಪ, ಪಾಪಣ್ಣನ ಪಾತ್ರಕ್ಕೆ ಹೆಸರಾದ ಪೆರುವಡಿ ನಾರಾಯಣ ಭಟ್ಟರು ಎಂದು ಶುರು ಮಾಡುತ್ತಾರೆ. ಆದರೆ ಅವರು ಏನು ಹೇಳಿದ್ದರು, ಯಾವ ಮಾತಿಗೆ ಜನ ಬಿದ್ದುಬಿದ್ದು ನಕ್ಕರು ಎಂದು ಕೇಳಿ ನೋಡಿ. ಒಂದೆರಡು ಮಾತು ನೆನಪಿರುತ್ತದೆ, ಉಳಿದದ್ದು ಹೋಗಿದೆ. ಪ್ರಸಂಗ ಪುಸ್ತಕದಲ್ಲಿ ಇರುವುದು ಪದ, ಅಂದರೆ ಹಾಡು ಮಾತ್ರ. ಅರ್ಥ, ಅಂದರೆ ಪಾತ್ರಗಳ ಮಾತು, ಎಲ್ಲ ರಂಗದ ಮೇಲೆ ಹುಟ್ಟುವುದು. ರಾಜನ ಮಾತಾದರೂ ಪುರಾಣದ ಆಧಾರದಲ್ಲಿ ನಿಂತಿರುತ್ತದೆ, ಮತ್ತೆ ಕಟ್ಟಬಹುದು. ಆರ್‌ಟಿಸಿ ಮಾತು ಆ ಊರಿನದು, ಆ ರಾತ್ರಿಯದು. ಬರೆದಿಡದಿದ್ದರೆ ಅದು ಇಲ್ಲ.

ಇನ್ನೊಂದು ವಿಷಯ ಬಿಟ್ಟುಬಿಡಬಾರದು. ದ್ವಂದ್ವಾರ್ಥದ ಮಾತು ಜಾಸ್ತಿಯಾಗಿದೆ, ಮಕ್ಕಳ ಜೊತೆ ಕೂತು ನೋಡಲು ಆಗುವುದಿಲ್ಲ ಎನ್ನುವ ದೂರು ಇದೆ. ಕೆಲವು ಕಡೆ ಅದು ಸತ್ಯ. ನನಗೂ ಬೇಸರವಾಗಿದೆ. ಆದರೆ ಅದಕ್ಕೆ ಮದ್ದು ಹಾಸ್ಯವನ್ನೇ ಕತ್ತರಿಸುವುದಲ್ಲ. ಎರಡು ನಿಮಿಷ ಕೊಟ್ಟು ನಗಿಸು ಎಂದರೆ ಯಾರಾದರೂ ಸುಲಭದ ದಾರಿ ಹಿಡಿಯುತ್ತಾರೆ, ಅಲ್ವಾ? ಒಳ್ಳೆಯ ಹಾಸ್ಯಕ್ಕೆ ಕಾಯಬೇಕು, ಕಟ್ಟಬೇಕು. ಭಾಗವತರು ನಡುವೆ ಒಂದು ಪ್ರಶ್ನೆ ಕೇಳಬೇಕು. ಅದಕ್ಕೆ ಸಮಯ ಬೇಕು. ಮತ್ತೆ, ಒಳ್ಳೆಯದನ್ನು ಗುರುತಿಸಿ ಬರೆಯುವವರು ಇಲ್ಲದಿದ್ದರೆ ಕೆಟ್ಟದ್ದಕ್ಕೆ ಸಿಗುವ ಶಿಳ್ಳೆಯೊಂದೇ ಕಲಾವಿದರ ಕಿವಿಗೆ ಬೀಳುತ್ತದೆ.

ಆದ್ದರಿಂದ ನಿಮ್ಮಲ್ಲಿ ಎರಡು ಕೋರಿಕೆ. ವಿಮರ್ಶೆ ಬರೆಯುವವರಿಗೆ ಹೇಳಿ, ಹಾಸ್ಯಗಾರರ ಹೆಸರಿನ ಜೊತೆ ಅವರು ಹೇಳಿದ ಒಂದು ಒಳ್ಳೆಯ ಮಾತನ್ನೂ ಬರೆಯಲಿ. ಯಾವ ಪ್ರಸಂಗ, ಯಾವ ಸನ್ನಿವೇಶ, ಎದುರಿಗೆ ಯಾರಿದ್ದರು, ಎಲ್ಲ ಸೇರಿಸಿ ಬರೆಯಲಿ. ಇನ್ನೊಂದು, ಮೇಳಗಳ ತಿರುಗಾಟದ ದಿನಗಳಲ್ಲಿ ವಾರಕ್ಕೊಮ್ಮೆ ಓದುಗರಿಗೆ ಒಂದು ಚಿಕ್ಕ ಜಾಗ ಕೊಡಿ. ತಮ್ಮೂರಿನ ಆಟದಲ್ಲಿ ಕೇಳಿದ ನಗೆಮಾತನ್ನು ಅವರು ಕಳಿಸಲಿ. ಬರುವ ಪತ್ರಗಳಲ್ಲಿ ತೆಂಕಿನ ತುಳು, ನಮ್ಮ ಬಡಗಿನ ಕುಂದಾಪ್ರ, ಉತ್ತರ ಕನ್ನಡದ ಹವ್ಯಕ, ಎಲ್ಲ ಮಾತೂ ಇರುತ್ತದೆ. ತಿದ್ದಬೇಡಿ, ಹಾಗೇ ಹಾಕಿ.

ಮೇ ಕೊನೆಯ ವಾರ ತುಳುವರ ಪತ್ತನಾಜೆ ದಿನ ಬಂದರೆ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುತ್ತವೆ. ಅದಕ್ಕೂ ಮೊದಲೇ ಶುರು ಮಾಡಿದರೆ ಈ ವರ್ಷದ್ದಾದರೂ ಸ್ವಲ್ಪ ಸಿಗುತ್ತದೆ. ಬರೆದು ಕಳಿಸಲು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ನಾಲ್ವರ ಹತ್ತಿರ ನಾನೇ ಮಾತಾಡಿ ಒಪ್ಪಿಸಿದ್ದೇನೆ. ನಿಮ್ಮ ಉತ್ತರ ಬಂದ ಕೂಡಲೇ ಅವರು ಬರೆಯಲು ಕೂರುತ್ತಾರೆ.

ಇತಿ,
ಯಕ್ಷಗಾನ ಪ್ರೇಕ್ಷಕಿ
ಬ್ರಹ್ಮಾವರ